ವಿಮಾನ ಅಪಘಾತದ ತನಿಖೆ ಹುಡುಕುವುದು ತಪ್ಪಿತಸ್ಥರನ್ನಲ್ಲ, ಮತ್ತೆ ಏನನ್ನು?

ವಿಮಾನ ಬಿದ್ದ ಸುದ್ದಿ ಟಿವಿಯಲ್ಲಿ ಬಂದು ಅರ್ಧ ಗಂಟೆ ಆಗಿರುವುದಿಲ್ಲ, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ತೀರ್ಪು ಹೊರಬಿದ್ದಿರುತ್ತದೆ. ಒಂದು ಗುಂಪಿನಲ್ಲಿ ಪೈಲಟ್‌ದೇ ತಪ್ಪು. ಇನ್ನೊಂದರಲ್ಲಿ ಇದು ವಿದೇಶಿ ಸಂಚು. ಮತ್ತೊಂದರಲ್ಲಿ ಬೇರಾವುದೋ ದೇಶದ ಹಳೆಯ ಅಪಘಾತದ ವಿಡಿಯೊಗೆ ಇಂದಿನ ದಿನಾಂಕ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನ ಪತನವಾದಾಗಲೂ ಹೀಗೇ ಆಯಿತು.

ನಿಜವಾದ ತನಿಖೆ ಇಷ್ಟು ವೇಗವಾಗಿ ನಡೆಯುವುದಿಲ್ಲ. ಅದು ಕೇಳುವ ಪ್ರಶ್ನೆಯೂ ಬೇರೆ. ಅದು ಹೇಗೆ ನಡೆಯುತ್ತದೆ, ಅದರಿಂದ ನಮಗೇನು ಲಾಭ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಂಕ್ಷಿಪ್ತವಾಗಿ

- ವಿಮಾನ ಅಪಘಾತ ತನಿಖೆಯ ಏಕೈಕ ಉದ್ದೇಶ ಅಂಥದ್ದೇ ಅಪಘಾತ ಮತ್ತೆ ಆಗದಂತೆ ತಡೆಯುವುದು. ಶಿಕ್ಷೆ ಕೊಡುವುದು ಅದರ ಕೆಲಸವಲ್ಲ.
- ಅಪಘಾತಕ್ಕೆ ಒಂದೇ ಕಾರಣ ಇರುವುದು ಅಪರೂಪ. ಹಲವು ಸಣ್ಣ ಲೋಪಗಳು ಒಟ್ಟಾದಾಗ ವಿಮಾನ ಬೀಳುತ್ತದೆ.
- ಆರಂಭಿಕ ವರದಿಯೇ ಅಂತಿಮ ವರದಿಯಲ್ಲ.
- ವರದಿಯ ಶಿಫಾರಸುಗಳು ಜಾರಿಯಾದರೆ ಮಾತ್ರ ಜೀವ ಉಳಿಯುತ್ತದೆ.

ತಪ್ಪು ಯಾರದ್ದು ಎಂದು ಹುಡುಕುವುದೇ ತನಿಖೆಯಲ್ಲವೇ?

ಅಲ್ಲ. ಜಗತ್ತಿನ ಬಹುತೇಕ ಎಲ್ಲ ದೇಶಗಳೂ ಸದಸ್ಯರಾಗಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಕಾವೊ) ನಿಯಮಗಳಲ್ಲಿ ಅನುಬಂಧ 13 ಎಂಬ ಭಾಗವಿದೆ. ಮುಂದಿನ ಅಪಘಾತ ತಡೆಯುವುದೊಂದೇ ತನಿಖೆಯ ಉದ್ದೇಶ, ಯಾರ ಮೇಲೂ ಹೊಣೆ ಹೊರಿಸುವುದು ಅದರ ಉದ್ದೇಶವಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.

ಇದೇನು, ತಪ್ಪು ಮಾಡಿದವರನ್ನು ಬಿಟ್ಟುಬಿಡುವುದೇ ಎಂದು ನಿಮಗೆ ಅನ್ನಿಸಬಹುದು. ಹಾಗಲ್ಲ. ಪೊಲೀಸ್ ಕೇಸು, ನ್ಯಾಯಾಲಯ, ಪರಿಹಾರದ ಮೊಕದ್ದಮೆ ಇವೆಲ್ಲ ಬೇರೆ ದಾರಿಯಲ್ಲಿ ನಡೆಯುತ್ತವೆ. ಸುರಕ್ಷತಾ ತನಿಖೆಯನ್ನು ಅವುಗಳಿಂದ ಬೇರೆಯಾಗಿ ಇಟ್ಟಿರುವುದಕ್ಕೆ ಸರಳವಾದ ಕಾರಣವಿದೆ. ರಾತ್ರಿ ಪಾಳಿಯಲ್ಲಿ ಒಂದು ಬೋಲ್ಟ್ ಬಿಗಿ ಮಾಡಲು ಮರೆತ ಮೆಕ್ಯಾನಿಕ್ ಒಬ್ಬ ಇದ್ದಾನೆ ಎಂದುಕೊಳ್ಳಿ. ಹೇಳಿದರೆ ಜೈಲು ಎಂದು ಗೊತ್ತಿದ್ದರೆ ಅವನು ಬಾಯಿ ಬಿಡುವುದಿಲ್ಲ. ಅವನು ಬಾಯಿ ಬಿಡದಿದ್ದರೆ, ಆ ಪಾಳಿಯಲ್ಲಿ ಜನ ಕಡಿಮೆ ಇದ್ದರು, ಬೆಳಕು ಸಾಲುತ್ತಿರಲಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ. ನಾಳೆ ಇನ್ನೊಬ್ಬ ಅದೇ ಬೋಲ್ಟ್ ಮರೆಯುತ್ತಾನೆ.

ಯಾರು ತನಿಖೆ ಮಾಡುತ್ತಾರೆ?

ವಿಮಾನ ಯಾವ ದೇಶದ ನೆಲದಲ್ಲಿ ಬಿತ್ತೋ ಆ ದೇಶವೇ ಮುಂದಾಳು. ಭಾರತದಲ್ಲಿ ಈ ಕೆಲಸ ವಿಮಾನ ಅಪಘಾತ ತನಿಖಾ ಬ್ಯೂರೊ, ಅಂದರೆ ಎಎಐಬಿಯದು. ಇದು ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದೆ. ವಿಮಾನ ಕಂಪನಿಗಳಿಗೆ ನಿಯಮ ಮಾಡಿ, ಪರವಾನಗಿ ಕೊಡುವ ಡಿಜಿಸಿಎ ಬೇರೆ.

ವಿಮಾನ ನೋಂದಣಿಯಾದ ದೇಶ, ಅದನ್ನು ಓಡಿಸುವ ಕಂಪನಿಯ ದೇಶ, ವಿನ್ಯಾಸ ಮಾಡಿದ ದೇಶ, ತಯಾರಿಸಿದ ದೇಶ ಇವುಗಳಿಗೂ ತಮ್ಮ ಪ್ರತಿನಿಧಿಗಳನ್ನು ಕಳಿಸುವ ಹಕ್ಕಿದೆ. ಬೋಯಿಂಗ್ ವಿಮಾನವಾದರೆ ಅಮೆರಿಕದ ಎನ್‌ಟಿಎಸ್‌ಬಿ, ಏರ್‌ಬಸ್ ಆದರೆ ಫ್ರಾನ್ಸ್‌ನ ಬಿಇಎ ತಜ್ಞರು ಬರುತ್ತಾರೆ. ವಿದೇಶಿ ತಜ್ಞರು ಬಂದರು, ಏನೋ ಮುಚ್ಚಿಹಾಕುತ್ತಿದ್ದಾರೆ ಎಂಬ ಫಾರ್ವರ್ಡ್ ನೋಡಿದರೆ ಇದನ್ನು ನೆನಪಿಡಿ. ಅವರು ಬರುವುದು ನಿಯಮದಂತೆಯೇ.

ಬ್ಲ್ಯಾಕ್ ಬಾಕ್ಸ್ ಕಪ್ಪಾಗಿರುವುದಿಲ್ಲ

ಅವಶೇಷಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳಲಿ ಎಂದು ಅದಕ್ಕೆ ಗಾಢ ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಸಾಮಾನ್ಯವಾಗಿ ಎರಡು ಪೆಟ್ಟಿಗೆಗಳಿರುತ್ತವೆ. ಒಂದು ವೇಗ, ಎತ್ತರ, ಎಂಜಿನ್ ಶಕ್ತಿ, ಸ್ವಿಚ್‌ಗಳ ಸ್ಥಿತಿ ಮೊದಲಾದವನ್ನು ಕನಿಷ್ಠ 25 ಗಂಟೆಗಳಷ್ಟು ದಾಖಲಿಸುತ್ತದೆ. ಇನ್ನೊಂದು ಕಾಕ್‌ಪಿಟ್‌ನ ಸದ್ದು ದಾಖಲಿಸುತ್ತದೆ. ಪೈಲಟ್‌ಗಳ ಮಾತಷ್ಟೇ ಅಲ್ಲ, ಸ್ವಿಚ್ ಒತ್ತಿದ ಟಿಕ್ ಶಬ್ದ, ಎಚ್ಚರಿಕೆಯ ಗಂಟೆ, ಎಂಜಿನ್ನಿನ ಗುಂಯ್‌ಗುಟ್ಟುವಿಕೆ ಎಲ್ಲವೂ ಅದರಲ್ಲಿರುತ್ತದೆ. ಇದು ಬಹುತೇಕ ವಿಮಾನಗಳಲ್ಲಿ ಕೊನೆಯ 2 ಗಂಟೆಯನ್ನು ಉಳಿಸಿಕೊಳ್ಳುತ್ತದೆ. ಹೊಸದಾಗಿ ತಯಾರಾಗುವ ದೊಡ್ಡ ವಿಮಾನಗಳಲ್ಲಿ ಇದನ್ನೂ 25 ಗಂಟೆಗೆ ಏರಿಸಲಾಗುತ್ತಿದೆ. ಬೋಯಿಂಗ್ 787ರಲ್ಲಿ ಎರಡೂ ಕೆಲಸವನ್ನು ಒಂದೇ ಪೆಟ್ಟಿಗೆ ಮಾಡುತ್ತದೆ. ಅಂಥ ಪೆಟ್ಟಿಗೆ ಮುಂದೊಂದು, ಬಾಲದ ಕಡೆ ಒಂದು ಇರುತ್ತದೆ.

ಗುರುತ್ವದ 3,400 ಪಟ್ಟಿನಷ್ಟು ಹೊಡೆತ, 1,100 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಒಂದು ಗಂಟೆ, ಸುಮಾರು 6,000 ಮೀಟರ್ ಆಳದ ನೀರಿನ ಒತ್ತಡ ಇವನ್ನೆಲ್ಲ ತಾಳುವಂತೆ ಪೆಟ್ಟಿಗೆಯನ್ನು ಪರೀಕ್ಷಿಸಿರುತ್ತಾರೆ.

ಇಡೀ ವಿಮಾನವನ್ನೇ ಬ್ಲ್ಯಾಕ್ ಬಾಕ್ಸ್‌ನಂತೆ ಮಾಡಬಾರದೇ ಎಂಬ ಜಾಣ ಪ್ರಶ್ನೆಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಪೆಟ್ಟಿಗೆಯೊಳಗಿನ ಮೆಮೊರಿ ಚಿಪ್‌ಗಳು ಇರುವ ಪುಟ್ಟ ಭಾಗಕ್ಕೆ ಮಾತ್ರ ಉಕ್ಕು ಅಥವಾ ಟೈಟೇನಿಯಂನ ದಪ್ಪ ಕವಚ ಇರುತ್ತದೆ. ಇಡೀ ವಿಮಾನಕ್ಕೆ ಅಂಥ ಕವಚ ಹೊದಿಸಿದರೆ ಅದು ನೆಲ ಬಿಟ್ಟು ಏಳುವುದೇ ಇಲ್ಲ. ಎದ್ದರೂ, ಕವಚಕ್ಕೆ ಏನೂ ಆಗದಿದ್ದರೂ ಒಳಗಿನ ಮನುಷ್ಯನ ದೇಹ ಅಂಥ ಹೊಡೆತವನ್ನು ತಾಳುವುದಿಲ್ಲ.

ಬ್ಲ್ಯಾಕ್ ಬಾಕ್ಸ್ ಸಿಕ್ಕರೆ ಮುಗಿಯಿತೇ?

ಇಲ್ಲ. ಏನಾಯಿತು ಎಂಬುದನ್ನು ಬ್ಲ್ಯಾಕ್ ಬಾಕ್ಸ್ ಚೆನ್ನಾಗಿ ಹೇಳುತ್ತದೆ. ಏಕೆ ಆಯಿತು ಎಂಬುದಕ್ಕೆ ಬೇರೆ ಕಡೆ ಹುಡುಕಬೇಕು.

ಮೊದಲು ಗಾಯಾಳುಗಳ ರಕ್ಷಣೆ. ಆಮೇಲೆ ಜಾಗಕ್ಕೆ ಕಾವಲು. ಯಾವ ತುಂಡು ಎಲ್ಲಿ ಬಿದ್ದಿದೆ ಎಂದು ಅಳೆದು, ಚಿತ್ರ ತೆಗೆದು, ನಕ್ಷೆ ಮಾಡುತ್ತಾರೆ. ಬಾಲದ ತುಂಡು ಕಿಲೋಮೀಟರುಗಟ್ಟಲೆ ಹಿಂದೆ ಸಿಕ್ಕಿದರೆ, ವಿಮಾನ ಗಾಳಿಯಲ್ಲೇ ಮುರಿದಿರಬೇಕು. ಎಂಜಿನ್ನಿನ ಅಲಗುಗಳು ತಿರುಗುವ ದಿಕ್ಕಿಗೆ ಎದುರಾಗಿ ಬಾಗಿದ್ದರೆ, ನೆಲಕ್ಕೆ ಬಡಿದಾಗ ಎಂಜಿನ್ ತಿರುಗುತ್ತಿತ್ತು ಎಂದು ಗೊತ್ತಾಗುತ್ತದೆ. ಹಳೆಯ ವಿಮಾನಗಳಲ್ಲಿ ಎಚ್ಚರಿಕೆ ದೀಪದ ಬಲ್ಬಿನ ತಂತಿಯೂ ಸಾಕ್ಷಿ ಹೇಳುತ್ತಿತ್ತು. ಉರಿಯುತ್ತಿದ್ದ ಬಲ್ಬಿನ ಬಿಸಿ ತಂತಿ ಹೊಡೆತಕ್ಕೆ ಎಳೆದುಕೊಂಡು ಉದ್ದವಾಗುತ್ತದೆ, ಆರಿದ್ದ ಬಲ್ಬಿನ ತಂತಿ ಹಾಗಾಗುವುದಿಲ್ಲ.

ಇದರ ಜೊತೆಗೆ ಇಂಧನದ ಮಾದರಿ, ರಿಪೇರಿ ದಾಖಲೆ, ಹವಾಮಾನ, ನಿಯಂತ್ರಣ ಗೋಪುರದ ಧ್ವನಿ ದಾಖಲೆ, ಪೈಲಟ್‌ಗಳ ತರಬೇತಿ, ಹಿಂದಿನ ದಿನಗಳಲ್ಲಿ ಅವರು ಎಷ್ಟು ಮಲಗಿದ್ದರು ಎಂಬುದನ್ನೆಲ್ಲ ನೋಡುತ್ತಾರೆ. 30 ದಿನಗಳ ಒಳಗೆ ಆರಂಭಿಕ ವರದಿ, ಸಾಧ್ಯವಾದರೆ 12 ತಿಂಗಳೊಳಗೆ ಅಂತಿಮ ವರದಿ ಎಂಬುದು ಐಕಾವೊ ನಿಯಮ. ಅಷ್ಟರಲ್ಲಿ ಆಗದಿದ್ದರೆ ಪ್ರತಿ ವರ್ಷ ಅಪಘಾತದ ದಿನದಂದು ತನಿಖೆ ಎಲ್ಲಿಗೆ ಬಂದಿದೆ ಎಂದು ತಿಳಿಸಬೇಕು.

ಮಂಗಳೂರು, 2010 ಮೇ 22

ಒಂದು ತನಿಖೆ ಏನನ್ನು ಹೊರತರುತ್ತದೆ ಎಂಬುದಕ್ಕೆ ನಮ್ಮದೇ ನೆಲದ ಉದಾಹರಣೆ ಇದೆ.

ದುಬೈನಿಂದ ರಾತ್ರಿ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಬೆಳಗ್ಗೆ ಆರರ ಸುಮಾರಿಗೆ ಬಜ್ಪೆಯಲ್ಲಿ ಇಳಿಯಿತು. ರನ್‌ವೇ ದಾಟಿ ಮುಂದೆ ಹೋಗಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಸತ್ತರು, 8 ಮಂದಿ ಬದುಕುಳಿದರು. ಸತ್ತವರಲ್ಲಿ ಹೆಚ್ಚಿನವರು ಕೊಲ್ಲಿ ದೇಶಗಳಲ್ಲಿ ದುಡಿದು ಊರಿಗೆ ಬರುತ್ತಿದ್ದ ಕರಾವಳಿ ಮತ್ತು ಕಾಸರಗೋಡು ಕಡೆಯವರು, ಅವರ ಮನೆಯವರು.

ಮಂಗಳೂರಿನದು ಗುಡ್ಡದ ತಲೆ ತಟ್ಟು ಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ, ಅದರ ಅಂಚಿನಾಚೆ ಕಣಿವೆ. ರನ್‌ವೇ ಚಿಕ್ಕದು, ಅದಕ್ಕೇ ಹೀಗಾಯಿತು ಎಂದು ಆಗ ಹಲವರು ಹೇಳಿದರು. ಆದರೆ ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಮಂಡಳಿ ದಾಖಲೆಗಳನ್ನು ಕೂಡಿಸಿ ನೋಡಿದಾಗ ಬೇರೆಯದೇ ಚಿತ್ರ ಕಂಡಿತು.

ಕಾಕ್‌ಪಿಟ್ ಧ್ವನಿ ದಾಖಲೆಯ ಮೊದಲ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇರಲಿಲ್ಲ. ಕೇಳಿಸಿದ್ದು ಗೊರಕೆ. ಕ್ಯಾಪ್ಟನ್ ಮಲಗಿದ್ದರು. ಗಾಢ ನಿದ್ದೆಯಿಂದ ಎದ್ದ ಮೇಲೆ ಸ್ವಲ್ಪ ಹೊತ್ತು ನಮ್ಮೆಲ್ಲರಿಗೂ ಮಂಪರು ಇರುತ್ತದೆ. ಕಣ್ಣು ತೆರೆದಿದ್ದರೂ ಬುದ್ಧಿ ಪೂರ್ತಿ ಎಚ್ಚೆತ್ತಿರುವುದಿಲ್ಲ. ಕ್ಯಾಪ್ಟನ್ ನಿರ್ಧಾರಗಳ ಮೇಲೆ ಈ ಮಂಪರು ಪರಿಣಾಮ ಬೀರಿರಬಹುದು ಎಂದು ವರದಿ ಹೇಳಿತು.

ಅದೇ ದಿನಗಳಲ್ಲಿ ಮಂಗಳೂರಿನ ರಾಡಾರ್ ಕೆಟ್ಟಿತ್ತು. ಹಾಗಾಗಿ ವಿಮಾನ ಕೆಳಗಿಳಿಯಲು ಶುರು ಮಾಡಿದ್ದೇ ತಡವಾಗಿ. ರನ್‌ವೇ ಕಡೆ ಬರುವಾಗ ಅದು ಇರಬೇಕಾದ ಎತ್ತರದ ಸುಮಾರು ಎರಡರಷ್ಟು ಮೇಲಿತ್ತು, ವೇಗವೂ ಹೆಚ್ಚಿತ್ತು. ಇಂಥ ಹೊತ್ತಿನಲ್ಲಿ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ ಸುತ್ತು ಹಾಕಿ ಬರಬೇಕು. ಇದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ಸಹ ಪೈಲಟ್ ಮೂರು ಬಾರಿ ಗೋ-ಅರೌಂಡ್ ಎಂದರು. ವಿಮಾನದ ಎಚ್ಚರಿಕೆ ಸಾಧನವೂ ಮತ್ತೆ ಮತ್ತೆ ಕೂಗಿತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ.

ಆಗಲೂ ಪೂರ್ತಿ ಬ್ರೇಕ್ ಹಾಕಿ, ಎಂಜಿನ್ನಿನ ಹಿಮ್ಮುಖ ಒತ್ತಡ ಬಳಸಿದ್ದರೆ ವಿಮಾನ ನಿಲ್ಲುತ್ತಿತ್ತು ಎಂದು ತನಿಖೆ ಲೆಕ್ಕ ಹಾಕಿತು. ಆದರೆ ಬ್ರೇಕ್ ಹಾಕಲು ಶುರುಮಾಡಿದ ಮೇಲೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಯತ್ನಿಸಿದರು. ರನ್‌ವೇ ಮುಗಿಯಿತು. ಅದರಾಚೆ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿಯಿತು.

ಹಾಗಾದರೆ ಪೈಲಟ್‌ದೇ ತಪ್ಪು ತಾನೆ?

ನೇರ ಕಾರಣ ಕ್ಯಾಪ್ಟನ್ ಗೋ-ಅರೌಂಡ್ ಮಾಡದೇ ಇದ್ದದ್ದು ಎಂದೇ ವರದಿ ಬರೆಯಿತು. ಫಾರ್ವರ್ಡ್ ಆಗಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ತನಿಖೆ ಅಲ್ಲಿ ನಿಲ್ಲಲಿಲ್ಲ. ಮೂರು ಸಲ ಹೇಳಿದ ಸಹ ಪೈಲಟ್ ತಾವೇ ನಿಯಂತ್ರಣ ಏಕೆ ತೆಗೆದುಕೊಳ್ಳಲಿಲ್ಲ ಎಂದು ಅದು ಕೇಳಿತು. ಸಹ ಪೈಲಟ್ ಯಾವಾಗ ಗೋ-ಅರೌಂಡ್ ಮಾಡಬಹುದು ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು, ಬಹುಶಃ ಅದಕ್ಕೇ ಅವರು ಹೇಳಿದರೇ ಹೊರತು ಕೈಗೆ ತೆಗೆದುಕೊಳ್ಳಲಿಲ್ಲ ಎಂದು ವರದಿ ಗುರುತಿಸಿತು. ಅಂದರೆ ಲೋಪ ಒಬ್ಬ ಮನುಷ್ಯನಲ್ಲಿ ಮಾತ್ರವಲ್ಲ, ನಿಯಮದ ಪುಸ್ತಕದಲ್ಲೂ ಇತ್ತು.

ಎಲ್ಲರ ಮನೆ ದೋಸೆಯೂ ತೂತು ಎಂಬ ಗಾದೆ ನಮಗೆ ಗೊತ್ತು. ಅಪಘಾತ ವಿಜ್ಞಾನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಹತ್ತು ದೋಸೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ. ಪ್ರತಿ ದೋಸೆಯಲ್ಲೂ ತೂತು ಇದ್ದರೂ ಬೆಳಕು ಆಚೆ ಬರುವುದಿಲ್ಲ, ಏಕೆಂದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಪೈಲಟ್, ಸಹ ಪೈಲಟ್, ರಾಡಾರ್, ಎಚ್ಚರಿಕೆ ಸಾಧನ, ನಿಯಮ, ರನ್‌ವೇ ಆಚೆಯ ಜಾಗ ಇವೆಲ್ಲ ಒಂದೊಂದು ದೋಸೆ. ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದ ದಿನ ಅಪಘಾತವಾಗುತ್ತದೆ. ಪೈಲಟ್‌ನನ್ನು ಮಾತ್ರ ಬೈದರೆ ಒಂದು ತೂತು ಮುಚ್ಚಿದಂತೆ, ಉಳಿದವು ಹಾಗೇ ಇರುತ್ತವೆ.

ತನಿಖೆಗೆ ಸ್ವತಂತ್ರ ಸಂಸ್ಥೆ ಬೇಕು ಎಂಬುದು ಮಂಗಳೂರು ವರದಿಯ ಶಿಫಾರಸುಗಳಲ್ಲೊಂದು. 2012ರಲ್ಲಿ ಹೊಸ ನಿಯಮಗಳು ಬಂದು ಎಎಐಬಿ ಹುಟ್ಟಿತು. ಇಂದು ನಾವು ಸುದ್ದಿಯಲ್ಲಿ ಕೇಳುವ ಎಎಐಬಿಯ ಹಿನ್ನೆಲೆಯಲ್ಲಿ ಬಜ್ಪೆಯ ಆ ಬೆಳಗೂ ಇದೆ.

ವರದಿಗಳಿಂದ ನಿಜವಾಗಿ ಏನಾದರೂ ಬದಲಾಗಿದೆಯೇ?

ಬಹಳ ಬದಲಾಗಿದೆ. ಎರಡು ಉದಾಹರಣೆ ನೋಡೋಣ.

*ಚರ್ಖಿ ದಾದ್ರಿ, 1996.* ನವೆಂಬರ್ 12ರ ಸಂಜೆ ಹರಿಯಾಣದ ಈ ಊರಿನ ಮೇಲೆ ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೂ ದೆಹಲಿಗೆ ಬರುತ್ತಿದ್ದ ಕಝಾಕ್ ವಿಮಾನಕ್ಕೂ ಆಕಾಶದಲ್ಲೇ ಡಿಕ್ಕಿಯಾಗಿ ಎರಡರಲ್ಲೂ ಇದ್ದ ಎಲ್ಲ 349 ಜನ ಸತ್ತರು. 15,000 ಅಡಿಯಲ್ಲಿ ಇರಬೇಕಿದ್ದ ಕಝಾಕ್ ವಿಮಾನ ಅದಕ್ಕಿಂತ ಕೆಳಗಿಳಿದಿತ್ತು. ಆಗ ಹೋಗುವ ವಿಮಾನಕ್ಕೂ ಬರುವ ವಿಮಾನಕ್ಕೂ ಅಲ್ಲಿ ಒಂದೇ ದಾರಿ ಇತ್ತು. ಆಮೇಲೆ ದಾರಿಗಳನ್ನು ಬೇರ್ಪಡಿಸಿದರು. ಎದುರಿನಿಂದ ವಿಮಾನ ಬಂದರೆ ಒಬ್ಬರಿಗೆ ಮೇಲೇರಿ, ಇನ್ನೊಬ್ಬರಿಗೆ ಕೆಳಗಿಳಿಯಿರಿ ಎಂದು ತಾನೇ ಹೇಳುವ ಡಿಕ್ಕಿ ತಡೆ ಸಾಧನವನ್ನು ಭಾರತದ ಆಕಾಶದಲ್ಲಿ ಹಾರುವ ಪ್ರಯಾಣಿಕ ವಿಮಾನಗಳಿಗೆ ಕಡ್ಡಾಯ ಮಾಡಿದರು.

*ಏರ್ ಫ್ರಾನ್ಸ್ 447, 2009.* ಜೂನ್ 1ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನ ಸತ್ತರು. ಸುಮಾರು 3,900 ಮೀಟರ್ ಆಳದಿಂದ ಬ್ಲ್ಯಾಕ್ ಬಾಕ್ಸ್‌ಗಳನ್ನು ಮೇಲೆತ್ತಲು ಎರಡು ವರ್ಷ ಹತ್ತಿತು. ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿಕೊಂಡು, ಆಟೋಪೈಲಟ್ ಕಳಚಿ, ಗಲಿಬಿಲಿಯಲ್ಲಿ ಪೈಲಟ್ ವಿಮಾನದ ಮೂತಿಯನ್ನು ಮೇಲೆತ್ತುತ್ತಾ ಹೋಗಿದ್ದರು. ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡವು. ಆಮೇಲೆ ಇಂಥ ಸ್ಥಿತಿಯನ್ನು ಗುರುತಿಸಿ ಹೊರಬರುವ ತರಬೇತಿಯನ್ನು ಜಗತ್ತಿನಾದ್ಯಂತ ಬಿಗಿ ಮಾಡಿದರು. ನೀರಿನಲ್ಲಿ ಸಂಕೇತ ಕಳಿಸುವ ಸಾಧನದ ಬ್ಯಾಟರಿ ಬಾಳಿಕೆಯನ್ನು 30 ದಿನದಿಂದ 90 ದಿನಕ್ಕೆ ಏರಿಸಿದರು.

ಇಂದು ನಾವು ನಿಶ್ಚಿಂತೆಯಿಂದ ವಿಮಾನ ಹತ್ತುತ್ತೇವಲ್ಲ, ಆ ನಿಶ್ಚಿಂತೆಯ ಹಿಂದೆ ಇಂಥ ಪ್ರತಿಯೊಂದು ವರದಿಯೂ ಇದೆ.

ಆದರೆ ವರದಿ ಕಪಾಟಿನಲ್ಲೇ ಉಳಿದರೆ?

2020ರ ಆಗಸ್ಟ್ 7. ಕೋಯಿಕ್ಕೋಡ್. ಮತ್ತೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ, ಮತ್ತೆ ಟೇಬಲ್‌ಟಾಪ್ ರನ್‌ವೇ. ಮಳೆಯಲ್ಲಿ ಇಳಿದ ವಿಮಾನ ರನ್‌ವೇಯ ಸುಮಾರು ಅರ್ಧ ಕಳೆದ ಮೇಲೆ ನೆಲ ಮುಟ್ಟಿತು. ಸಹ ಪೈಲಟ್ ಗೋ-ಅರೌಂಡ್ ಎಂದಿದ್ದರು. ವಿಮಾನ ಅಂಚು ದಾಟಿ ಕೆಳಗೆ ಬಿದ್ದು ತುಂಡಾಯಿತು. ಇದ್ದ 190 ಜನರಲ್ಲಿ 21 ಮಂದಿ ಸತ್ತರು.

ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಸಂಕಟವಾಗುತ್ತದೆ. ಹತ್ತು ವರ್ಷ ಕಳೆದಿದ್ದರೂ ಸಹ ಪೈಲಟ್ ಹೇಳಿದ ಮಾತು ಅದೇ, ಅದು ನಡೆಯದೇ ಹೋದದ್ದೂ ಹಾಗೇ. ವರದಿ ಬರೆದ ಮಾತ್ರಕ್ಕೆ ಪಾಠ ಕಲಿತಂತಲ್ಲ. ತನಿಖಾ ಸಂಸ್ಥೆ ಶಿಫಾರಸು ಮಾಡಬಹುದು, ಜಾರಿ ಮಾಡಬೇಕಾದವರು ಬೇರೆ. ಹಾಗಾಗಿ ನಾಗರಿಕರಾಗಿ ನಾವು ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ, ಹಿಂದಿನ ವರದಿಯ ಶಿಫಾರಸುಗಳಲ್ಲಿ ಎಷ್ಟು ಜಾರಿಯಾಗಿವೆ ಎಂಬುದು. ಈ ಪ್ರಶ್ನೆಯ ಫಾರ್ವರ್ಡ್ ಮಾತ್ರ ನಮಗೆ ಇದುವರೆಗೆ ಯಾವ ಗುಂಪಿನಲ್ಲೂ ಬಂದಿಲ್ಲ.

ಅಹಮದಾಬಾದ್: ಆರಂಭಿಕ ವರದಿ ಹೇಳಿದ್ದು, ಹೇಳದೇ ಇದ್ದದ್ದು

ಆ ದುರಂತದಲ್ಲಿ ವಿಮಾನದಲ್ಲಿದ್ದ 242 ಜನರಲ್ಲಿ 241 ಮಂದಿ, ನೆಲದ ಮೇಲಿದ್ದ 19 ಮಂದಿ ಸತ್ತರು. ಒಂದು ತಿಂಗಳಿಗೆ ಎಎಐಬಿ ಆರಂಭಿಕ ವರದಿ ಪ್ರಕಟಿಸಿತು. ವಿಮಾನ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಿತಿಗೆ ಹೋದವು ಎಂದು ದಾಖಲೆ ತೋರಿಸಿತು. ಏಕೆ ಬಂದ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳಿದರು, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಉತ್ತರಿಸಿದರು. ಸ್ವಿಚ್‌ಗಳನ್ನು ಮತ್ತೆ ಆನ್ ಮಾಡಲಾಯಿತು, ಆದರೆ ಎತ್ತರ ಸಾಲಲಿಲ್ಲ.

ಸ್ವಿಚ್‌ಗಳು ಏಕೆ, ಹೇಗೆ ಸರಿದವು ಎಂದು ಆ ವರದಿ ಹೇಳಲಿಲ್ಲ. ಯಾವ ಮಾತು ಯಾವ ಪೈಲಟ್‌ದು ಎಂದೂ ಹೇಳಲಿಲ್ಲ. ವರದಿ ಖಾಲಿ ಬಿಟ್ಟ ಜಾಗವನ್ನು ಗಂಟೆಗಳೊಳಗೆ ಫಾರ್ವರ್ಡ್‌ಗಳು ತುಂಬಿದವು. ಒಬ್ಬರ ಹೆಸರು ಹಿಡಿದು ಅವರ ಆರೋಗ್ಯ, ಮನೆಯ ಕಷ್ಟಸುಖದ ಕಥೆ ಕಟ್ಟಿದರು. ಸತ್ತವರು ಉತ್ತರ ಕೊಡಲಾರರು, ಆದರೆ ಅವರ ಮನೆಯವರಿಗೂ ಫೋನ್ ಇದೆ, ಆ ಫಾರ್ವರ್ಡ್ ಅವರಿಗೂ ತಲುಪುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

1. ಮೊದಲ ದಿನವೇ ಕಾರಣ ಇದೇ ಎಂದರೆ ನಂಬಬೇಡಿ. ಆ ಹೊತ್ತಿಗೆ ತನಿಖಾಧಿಕಾರಿಗಳಿಗೂ ಗೊತ್ತಿರುವುದಿಲ್ಲ.
2. ಕಾಕ್‌ಪಿಟ್‌ನ ಕೊನೆಯ ಆಡಿಯೊ ಎಂದು ಬಂದರೆ ಹಂಚಬೇಡಿ. ತನಿಖೆ ನಡೆಯುತ್ತಿರುವಾಗ ಆ ಧ್ವನಿಯನ್ನು ಅಧಿಕೃತವಾಗಿ ಬಿಡುಗಡೆ ಮಾಡುವುದಿಲ್ಲ.
3. ವರದಿ ಎಂದು ಪಿಡಿಎಫ್ ಬಂದರೆ ಎಎಐಬಿ ಜಾಲತಾಣದಲ್ಲಿ ಅದು ಇದೆಯೇ ನೋಡಿ. ಅಲ್ಲಿ ವರದಿಗಳನ್ನು ಯಾರು ಬೇಕಾದರೂ ಓದಬಹುದು.
4. ಆರಂಭಿಕ ವರದಿಯೋ ಅಂತಿಮ ವರದಿಯೋ ಎಂದು ಮೊದಲ ಪುಟದಲ್ಲೇ ಬರೆದಿರುತ್ತದೆ. ಆ ಒಂದು ಪದ ಓದಿ.
5. ಮೃತರ ದೇಹ, ಅಳುವ ಬಂಧುಗಳ ಚಿತ್ರ ಹಂಚಬೇಡಿ.

ಇಷ್ಟೆಲ್ಲ ಓದಿದ ಮೇಲೆ ಏನಾದರೂ ಹಂಚಲೇಬೇಕು ಅನ್ನಿಸಿದರೆ, ಮುಂದಿನ ಸಲ ವಿಮಾನ ಹತ್ತುವ ನಿಮ್ಮವರಿಗೆ ಒಂದು ಮಾತು ಕಳಿಸಿ. ವಿಮಾನ ಇಳಿಯುತ್ತಿರುವಾಗ ಇದ್ದಕ್ಕಿದ್ದಂತೆ ಮತ್ತೆ ಮೇಲೇರಿದರೆ ಗಾಬರಿಯಾಗಬೇಡಿ, ತಡವಾಯಿತೆಂದು ಪೈಲಟ್‌ನನ್ನು ಬೈಯಬೇಡಿ. ಅದೇ ಗೋ-ಅರೌಂಡ್. ಮಂಗಳೂರಿನಲ್ಲಿ ಅಂದು ಆಗಬೇಕಿದ್ದದ್ದೂ ಅದೇ.